6 ಎಂಎಂ ಮುಚ್ಚಳ ಉಬ್ಬಿತು, 16 ಎಂಎಂ ಮುಚ್ಚಳ ಕೂತಿತು: ಶಿವಮೊಗ್ಗದ ಒಂದು ವೆಲ್ಡಿಂಗ್ ಶೆಡ್ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಶೆಡ್ಡಿನ ಹೆಸರು ಬರೆಯುತ್ತಿಲ್ಲ. ಅಲ್ಲಿನ ಮೇಸ್ತ್ರಿಯೇ ಬೇಡ ಅಂದರು. "ಈಗಿರೋ ಕೆಲಸವೇ ಮುಗಿಯೋದಿಲ್ಲ ಗೌಡ್ರೇ, ನೀವು ಬರೆದು ಇನ್ನೂ ಹತ್ತು ಜನ ಬಂದ್ರೆ ನಾನು ಊರು ಬಿಡಬೇಕಾಗುತ್ತೆ" ಅಂದರು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಒಳಗಿದೆ ಅಂತ ಮಾತ್ರ ಹೇಳಬಹುದು. ಅಲ್ಲಿ ಲಾರಿ ಬಾಡಿ ಕಟ್ಟುವವರು, ಲೇತ್‌ನವರು, ರೇಡಿಯೇಟರ್ ರಿಪೇರಿಯವರು ಎಲ್ಲ ಒತ್ತೊತ್ತಾಗಿ ಇದ್ದಾರೆ, ನಡುವೆ ಇದೂ ಒಂದು ತಗಡಿನ ಶೆಡ್. ನಮ್ಮ ತೋಟದ ನೀರಿನ ಫಿಲ್ಟರ್ ಟ್ಯಾಂಕಿನ ಮುಚ್ಚಳ ಉಬ್ಬಿ ಸೋರುತ್ತಿದ್ದದ್ದನ್ನು ಸರಿಮಾಡಿಕೊಟ್ಟಿದ್ದು ಇವರೇ, ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಕಡಿಮೆ ಆಗಿದ್ದು ಕೆಲಸಕ್ಕಲ್ಲ, ಫೋನ್ ಎತ್ತದೇ ಇರುವುದಕ್ಕೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಮೇಲಿನ ಗುಡ್ಡದಿಂದ ಅಬ್ಬಿ ನೀರು. ಅಜ್ಜನ ಕಾಲದಲ್ಲಿ ಆ ನೀರು ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿತ್ತಂತೆ, ಅಪ್ಪನ ಕಾಲಕ್ಕೆ ಕರಿ ಪೈಪ್ ಬಂತು, ನಾನು ಬಂದು ಅದಕ್ಕೆ ಸ್ಪ್ರಿಂಕ್ಲರ್ ಹಾಕಿಸಿದೆ. ಮೋಟರ್ ಬೇಡ, ಕರೆಂಟ್ ಬೇಡ. 60 ಮೀಟರ್ ಎತ್ತರದಿಂದ ನೀರು ತಾನೇ ಇಳಿಯುತ್ತದೆ. ಹತ್ತು ಮೀಟರಿಗೆ ಒಂದು ಕೆಜಿ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಲೆಕ್ಕ, ಅಂದರೆ ಮನೆ ಹತ್ತಿರ ಸುಮಾರು 6 ಕೆಜಿ ಪ್ರೆಶರ್. ಚದರ ಸೆಂಟಿಮೀಟರಿಗೆ 6 ಕೆಜಿ.

ತೊಂದರೆ ಒಂದೇ, ಕಸ. ಕೊಳೆತ ಎಲೆ, ಮರಳು, ಒಮ್ಮೊಮ್ಮೆ ಏಡಿ ಮರಿ. ಸ್ಪ್ರಿಂಕ್ಲರ್ ತೂತು ಕಟ್ಟಿಕೊಳ್ಳುತ್ತದೆ. ಅದಕ್ಕೆ ಮನೆ ಹಿಂದೆ ಒಂದು ಫಿಲ್ಟರ್ ಟ್ಯಾಂಕ್ ಮಾಡಿಸಿದೆ. 400 ಎಂಎಂ ಒಳ ವ್ಯಾಸದ ದುಂಡು ಟ್ಯಾಂಕ್, ಪೂರ್ತಿ 6 ಎಂಎಂ ಪ್ಲೇಟ್, ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ. ಕೆಳಗೆ ಚಪ್ಪಟೆ ತಳ ವೆಲ್ಡ್ ಮಾಡಿದ್ದು, ಮೇಲೆ ಎಂಟು ಬೋಲ್ಟಿನ ಚಪ್ಪಟೆ ಮುಚ್ಚಳ, ಒಳಗೆ ಜಾಲರಿ ಬುಟ್ಟಿ. ಮಾಡಿದವರು ಇಲ್ಲೇ ಹತ್ತಿರದವರು. ಗೇಟು, ಕಿಟಕಿ, ಅಡಿಕೆ ಅಂಗಳದ ಪಂದಲು ಎಲ್ಲ ಚೆನ್ನಾಗಿಯೇ ಮಾಡುತ್ತಾರೆ, ಅದರಲ್ಲಿ ಮಾತಿಲ್ಲ. ಟ್ಯಾಂಕ್ ಮಾತ್ರ ಕೈಕೊಟ್ಟಿತು.

ಎರಡನೇ ದಿನವೇ ಮುಚ್ಚಳದ ಸುತ್ತ ನೀರು ಚಿಮ್ಮಲು ಶುರುವಾಯಿತು. ವಿಚಿತ್ರ ಅಂದರೆ ರಾತ್ರಿ ಮಾತ್ರ. ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲು ಗೋಡೆ ಪೂರ್ತಿ ಒದ್ದೆ, ಹಗಲು ಸ್ಪ್ರಿಂಕ್ಲರ್ ಓಡುವಾಗ ಒಂದು ಹನಿ ಇಲ್ಲ. ಮಾಡಿದವರನ್ನು ಕರೆಸಿದರೆ ಅವರು ಬರುವುದು ಹಗಲು, ಆಗ ಸೋರಿಕೆ ಇಲ್ಲ, "ಎಲ್ಲಿ ಸೋರ್ತಿದೆ, ತೋರ್ಸಿ" ಅಂತ ನನ್ನನ್ನೇ ಕೇಳುತ್ತಾರೆ. ಆಮೇಲೆ ಗೊತ್ತಾಯಿತು. ನೀರು ಹರಿಯುವಾಗ ಪೈಪಿನ ಒಳಗಿನ ಘರ್ಷಣೆಯಲ್ಲೇ ಒಂದಿಷ್ಟು ಪ್ರೆಶರ್ ಕರಗಿಹೋಗುತ್ತದೆ, ಗೇಜು ಮೂರೂವರೆ ತೋರಿಸುತ್ತದೆ. ವಾಲ್ವ್ ಮುಚ್ಚಿ ನೀರು ನಿಂತ ಕೂಡಲೇ ಪೂರ್ತಿ 6 ಬಂದು ಕೂರುತ್ತದೆ. ನೀರು ನಿಂತಾಗಲೇ ಒತ್ತಡ ಜಾಸ್ತಿ. ಹೊಳೆ ನೋಡಿ ಬೆಳೆದ ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ, ಹರಿಯುವ ನೀರಿಗೇ ಜೋರು ಅಂದುಕೊಂಡಿರುತ್ತೇವೆ.

ಮೂರು ಸಲ ಮುಚ್ಚಳದ ಕೆಳಗಿನ ರಬ್ಬರ್ ಪ್ಯಾಕಿಂಗ್ ಬದಲಾಯಿಸಿದರು. ಸಂದು ಮುಚ್ಚುವ ಅಂಟು, ಶೆಲ್ಯಾಕ್, ಹಚ್ಚಿದರು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಇಬ್ಬರು ಜೋತುಬಿದ್ದು ಬೋಲ್ಟ್ ಬಿಗಿ ಮಾಡಿದರು, ಒಂದು ಬೋಲ್ಟ್ ಕಿತ್ತೇ ಹೋಯಿತು. ಅಷ್ಟು ಹೊತ್ತಿಗೆ ಮುಚ್ಚಳ ನೋಡಿದರೆ ಬೋಗುಣಿ ಬೋರಲು ಹಾಕಿದ ಹಾಗೆ ನಡುವೆ ಎದ್ದಿತ್ತು. "ಪ್ರೆಶರ್ ಇದ್ರೆ ಸ್ವಲ್ಪ ಉಬ್ಬೋದೇ ಅಲ್ವಾ" ಅಂದರು. ಸ್ವಲ್ಪ ಎಷ್ಟು, ಎಲ್ಲಿಯವರೆಗೆ ಉಬ್ಬಬಹುದು, ಯಾವಾಗ ಹಾರಿಹೋಗುತ್ತದೆ ಅಂತ ಕೇಳಿದೆ. ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ ಬಿಡಿ.

ತಮ್ಮನ ಮಗ ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ಅವನೇ ಈ ಶೆಡ್ ತೋರಿಸಿದ್ದು. ಪಿಕಪ್‌ನಲ್ಲಿ ಟ್ಯಾಂಕ್ ಹಾಕಿಕೊಂಡು ಮಂಡಗದ್ದೆ, ಗಾಜನೂರು ದಾಟಿ ಹೋದೆವು. ಮೇಸ್ತ್ರಿಗೆ ಅರವತ್ತು ದಾಟಿದೆ, ಹಿಂದೆ ಭದ್ರಾವತಿಯಲ್ಲಿ ಕೆಲಸ ಮಾಡಿದವರಂತೆ. ಟ್ಯಾಂಕ್ ಇಳಿಸುವ ಮೊದಲೇ ಪ್ರಶ್ನೆ ಶುರು. ನೀರು ಎಷ್ಟು ಎತ್ತರದಿಂದ? ವಾಲ್ವ್ ಮುಚ್ಚಿದಾಗ ಗೇಜು ಎಷ್ಟು? ಮುಚ್ಚಳ ಎಷ್ಟು ದಿನಕ್ಕೊಮ್ಮೆ ತೆಗೀತೀರಿ? ತೆಗೆಯುವವರು ಒಬ್ಬರೋ ಇಬ್ಬರೋ? ವಾಲ್ವ್ ಬಾಲ್ ವಾಲ್ವೋ ಗೇಟ್ ವಾಲ್ವೋ? ರೇಟಿನ ಮಾತು ಬಂದಿದ್ದು ಅರ್ಧ ಗಂಟೆಯ ನಂತರ.

ಅದಕ್ಕೂ ಮೊದಲು ಇನ್ನೊಂದು ಮಾತು ಹೇಳಿದರು, ಅದಕ್ಕೇ ನನಗೆ ಇವರ ಮೇಲೆ ನಂಬಿಕೆ ಬಂದಿದ್ದು. "ಗೌಡ್ರೇ, ಈ ಫಿಲ್ಟರ್ ಕೆಳಗೆ ಯಾಕೆ? ಮೇಲೆ ಗುಡ್ಡದ ತೊಟ್ಟಿ ಹತ್ರವೇ ಒಂದು ಜಾಲರಿ ಇಟ್ಟುಬಿಡಿ, ಅಲ್ಲಿ ಪ್ರೆಶರೇ ಇಲ್ಲ, ಟ್ಯಾಂಕೂ ಬೇಡ, ನನಗೆ ದುಡ್ಡೂ ಕೊಡೋದು ಬೇಡ." ಮಾತು ಸರಿಯೇ. ಆದರೆ ಮೇಲೆ ಹೋಗಬೇಕಾದರೆ ಕಾಡಿನೊಳಗೆ ಮುಕ್ಕಾಲು ಗಂಟೆ ಹತ್ತಬೇಕು, ಮಳೆಗಾಲದಲ್ಲಿ ಇಂಬಳ ಕಾಲಿಗೆ ಮಾಲೆ ಕಟ್ಟುತ್ತದೆ, ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯಲು ಹತ್ತುವವರು ಯಾರು? ಮೇಲೊಂದು ದಪ್ಪ ಜಾಲರಿ ಇಡುತ್ತೇನೆ, ಕೆಳಗಿನ ಟ್ಯಾಂಕೂ ಇರಲಿ ಅಂದೆ. ಆಯ್ತು ಅಂದರು.

ಆಮೇಲೆ ಹಳೇ ಟ್ಯಾಂಕನ್ನು ಮಲಗಿಸಿ, ಮುಚ್ಚಳದ ಮೇಲೆ ಅಡ್ಡ ಒಂದು ನೇರ ಪಟ್ಟಿ ಇಟ್ಟು ಸ್ಟೀಲ್ ಸ್ಕೇಲಿನಲ್ಲಿ ಅಳೆದರು. ನಡುವೆ 9 ಎಂಎಂ ಉಬ್ಬು. ಅದೂ ಪ್ರೆಶರ್ ಇಲ್ಲದಾಗ, ಅಂದರೆ ವಾಪಸ್ ಬಾರದ ಉಬ್ಬು. ಹಾಗೇ ತಳ ಅಳೆದರು. 3 ಎಂಎಂ ಚಿಲ್ಲರೆ. ಪಕ್ಕದ ದುಂಡು ಗೋಡೆಗೆ ಏನೂ ಆಗಿರಲಿಲ್ಲ. "ನೋಡಿ, ಮೂರೂ 6 ಎಂಎಂ. ಮೂರಕ್ಕೂ ಬಿದ್ದಿದ್ದು ಅದೇ 6 ಕೆಜಿ. ಒಂದು ಒಂಬತ್ತು, ಒಂದು ಮೂರು, ಒಂದು ಸೊನ್ನೆ. ಯಾಕೆ ಹೇಳಿ" ಅಂತ ತಮ್ಮನ ಮಗನ ಕಡೆ ನೋಡಿದರು. ಅವನು ಪರೀಕ್ಷೆ ಹಾಲಿನಲ್ಲಿ ಕೂತವನ ಹಾಗೆ ಸೂರು ನೋಡಿದ.

ಉತ್ತರ ಇಷ್ಟು. ದುಂಡು ಗೋಡೆ ಒಳಗಿನ ಒತ್ತಡವನ್ನು ಬರೀ ಎಳೆತದಲ್ಲಿ ತಡೆಯುತ್ತದೆ, ಹಂಡೆಗೆ ಹಾಕಿದ ಕಟ್ಟಿನ ಹಾಗೆ. 6 ಕೆಜಿ ಅಂದರೆ ಚದರ ಎಂಎಂಗೆ ಸುಮಾರು 0.6 ನ್ಯೂಟನ್. ಒತ್ತಡ ಗುಣಿಸು ತ್ರಿಜ್ಯ ಭಾಗಿಸು ದಪ್ಪ: 0.6 × 200 ÷ 6, ಅಂದರೆ ಚದರ ಎಂಎಂಗೆ 20 ನ್ಯೂಟನ್. ನಮ್ಮ ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ತಡೆಯುವುದು ಸುಮಾರು 250. ಆರಾಮ. ಚಪ್ಪಟೆ ಪ್ಲೇಟಿಗೆ ಆ ಸೌಕರ್ಯ ಇಲ್ಲ, ಅದು ಬಾಗಿಯೇ ಭಾರ ಹೊರಬೇಕು, ಹಲಗೆಯ ಹಾಗೆ. ಅದೇ 6 ಎಂಎಂ, ಅದೇ 6 ಕೆಜಿ. ಅಂಚು ಗಟ್ಟಿ ಹಿಡಿದಿದ್ದರೆ 500, ಅಂಚು ಸುಮ್ನೆ ಕೂತಿದ್ದರೆ 825. ಎರಡೂ 250 ದಾಟಿದವು. ಉಬ್ಬದೆ ಇನ್ನೇನಾಗುತ್ತದೆ?

ಮತ್ತೆ ಮುಚ್ಚಳಕ್ಕೂ ತಳಕ್ಕೂ ವ್ಯತ್ಯಾಸ ಯಾಕೆ ಅಂದರೆ ಅಂಚು. ತಳದ ಅಂಚು ಗೋಡೆಗೆ ಸುತ್ತಲೂ ವೆಲ್ಡ್ ಆಗಿದೆ, ಸುಲಭಕ್ಕೆ ತಿರುಗಲು ಬಿಡುವುದಿಲ್ಲ. ಮುಚ್ಚಳದ ಅಂಚು ರಬ್ಬರ್ ಮೇಲೆ ಕೂತಿದೆ, ಬೋಲ್ಟ್ ಹಿಡಿದಿದ್ದರೂ ಒಂದಿಷ್ಟು ತಿರುಗುತ್ತದೆ. ಅಂಚು ತಿರುಗಿದಷ್ಟೂ ನಡು ಏಳುತ್ತದೆ. ನನಗೆ ಇಡೀ ಕತೆಯಲ್ಲಿ ಹೊಸದಾಗಿ ಹೊಳೆದಿದ್ದು ಇದೇ. ನಾನು ಇಷ್ಟು ದಿನ ನಡುವಿನ ಉಬ್ಬನ್ನೇ ನೋಡುತ್ತಿದ್ದೆ, ಮೇಸ್ತ್ರಿ ಮೊದಲ ನಿಮಿಷದಿಂದ ಅಂಚನ್ನೇ ನೋಡುತ್ತಿದ್ದರು.

ಲೆಕ್ಕ ಮಾಡಿದ್ದು ಶೆಡ್ಡಿನ ಸಿಮೆಂಟ್ ನೆಲದ ಮೇಲೆ, ಚಾಕ್‌ಪೀಸಿನಲ್ಲಿ. ಫೋಟೋ ತೆಗೆದುಕೊಂಡಿದ್ದೇನೆ, ಅದನ್ನು ನೋಡಿಯೇ ಬರೆಯುತ್ತಿದ್ದೇನೆ. ಬೇಕಾದವರು ಪೆನ್ನು ಹಿಡಿದು ಕೂರಿ, ಬೇಡದವರು ಎರಡು ಪ್ಯಾರಾ ಹಾರಿಸಿ.

ಮೊದಲು ಪ್ಲೇಟಿನ ಬಿಗಿ, ಅದಕ್ಕೆ ಡಿ ಅನ್ನುತ್ತಾರೆ. ಉಕ್ಕು ಎಳೆತಕ್ಕೆ ಎಷ್ಟು ಹಿಗ್ಗದೆ ನಿಲ್ಲುತ್ತದೆ ಅನ್ನುವ ಅಳತೆ ಇ, ಅದರ ಬೆಲೆ ಚದರ ಎಂಎಂಗೆ 2,00,000 ನ್ಯೂಟನ್. ಅದನ್ನು ದಪ್ಪದ ಘನದಿಂದ ಗುಣಿಸಿ 10.92ರಿಂದ ಭಾಗಿಸಿದರೆ ಡಿ. (ಆ 10.92 ಎಲ್ಲಿಂದ ಬಂತು ಅಂದರೆ, 1ರಿಂದ 0.3ರ ವರ್ಗ ಕಳೆದು, ಉಳಿದದ್ದನ್ನು 12ರಿಂದ ಗುಣಿಸಿದ್ದು. ಉಕ್ಕನ್ನು ಉದ್ದಕ್ಕೆ ಎಳೆದಾಗ ಅಡ್ಡಕ್ಕೆ ಎಷ್ಟು ಪಾಲು ಕುಗ್ಗುತ್ತದೆ ಅನ್ನುವುದೇ ಆ 0.3.) ಆಮೇಲೆ ನಡುವಿನ ಬಾಗು: ಒತ್ತಡ ಗುಣಿಸು ತ್ರಿಜ್ಯದ ನಾಲ್ಕನೇ ಘಾತ, ಅದನ್ನು 64 ಗುಣಿಸು ಡಿಯಿಂದ ಭಾಗಿಸಿ. ಇದು ಅಂಚು ಕಚ್ಚಿ ಹಿಡಿದ ಪ್ಲೇಟಿಗೆ. ಅಂಚು ಸುಮ್ನೆ ಆಧಾರದ ಮೇಲೆ ಕೂತಿದ್ದರೆ ಬಂದ ಉತ್ತರವನ್ನು 4.08ರಿಂದ ಗುಣಿಸಬೇಕು. ಅಷ್ಟೇ. ಅಂಚಿನ ಒಂದೇ ವಿಷಯಕ್ಕೆ ಉತ್ತರ ನಾಲ್ಕು ಪಟ್ಟು!

ನಮ್ಮ ಟ್ಯಾಂಕಿಗೆ ಹಾಕಿದರೆ, ಒತ್ತಡ 0.6, ತ್ರಿಜ್ಯ 200. ಪ್ಲೇಟ್ 6 ಎಂಎಂ ಆದರೆ ಬಾಗು 3.8 ಎಂಎಂ, ಅಂಚು ಸಡಿಲ ಆದರೆ ಕಾಗದದ ಮೇಲೆ 15.5. ಈ 15.5ನ್ನು ಯಾರೂ ನಂಬಬೇಡಿ ಅಂದರು ಮೇಸ್ತ್ರಿ. ಬಾಗು ದಪ್ಪದ ಅರ್ಧ ದಾಟಿತು ಅಂದರೆ ಈ ಸೂತ್ರ ಕೈಬಿಡುತ್ತದೆ. ಅಷ್ಟು ಬಾಗಿದ ಪ್ಲೇಟು ಬಟ್ಟೆಯ ಹಾಗೆ ಎಳೆದುಕೊಂಡು ಬೇರೆ ರೀತಿ ಭಾರ ಹೊರುತ್ತದೆ, ಮೇಲೆ ಉಕ್ಕೂ ಸೋತಿರುತ್ತದೆ. ಪ್ಲೇಟ್ 12 ಆದರೆ 0.47 ಮತ್ತು 1.93. ಪ್ಲೇಟ್ 16 ಆದರೆ 0.20 ಮತ್ತು 0.82. ಪ್ಲೇಟ್ 20 ಆದರೆ 0.10 ಮತ್ತು 0.42.

ನಾನು 12 ಸಾಕಲ್ವಾ ಅಂದೆ. ಎರಡು ಪಟ್ಟು ದಪ್ಪ, ಇನ್ನೇನು ಬೇಕು ಅಂತ. ದಪ್ಪ ಎರಡು ಪಟ್ಟು ಆದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಘನದ ಮಹಿಮೆ. ಮೇಸ್ತ್ರಿ ಹೇಳಿದ್ದು ಹೀಗೆ: "12 ಹಾಕಿದ್ರೆ ಒಡೆಯೋದಿಲ್ಲ, ಆದ್ರೆ ಸೋರುತ್ತೆ. ನೀವು ನನ್ನ ಹತ್ರ ಬಂದಿದ್ದು ಒಡೀತು ಅಂತ ಅಲ್ಲ, ಸೋರ್ತಿದೆ ಅಂತ." ಅಂಚು ಎಷ್ಟು ತಿರುಗುತ್ತದೆ ಅಂತಲೂ ಲೆಕ್ಕ ತೆಗೆದರು. ಪ್ಯಾಕಿಂಗ್ ಅಗಲ 30 ಎಂಎಂ. ಅಂಚು ಸಡಿಲ ಅಂತ ಹಿಡಿದರೆ, 12ರ ಮುಚ್ಚಳ ಆ ಅಗಲದಲ್ಲಿ ಒಂದು ಕಡೆಗಿಂತ ಇನ್ನೊಂದು ಕಡೆ ಸುಮಾರು 0.4 ಎಂಎಂ ಜಾಸ್ತಿ ಏಳುತ್ತದೆ, 16ರ ಮುಚ್ಚಳ 0.2ಕ್ಕಿಂತ ಕಡಿಮೆ. 3 ಎಂಎಂ ರಬ್ಬರ್ ಹಾಳೆ 0.2 ಎಂಎಂ ಏಳುವುದನ್ನು ಹಿಂಬಾಲಿಸಿಕೊಂಡು ಹೋಗುತ್ತದೆ. 0.4 ಆದರೆ ಇವತ್ತು ಹೋಗಬಹುದು, ಆರು ತಿಂಗಳಲ್ಲಿ ರಬ್ಬರ್ ಗಟ್ಟಿಯಾದ ಮೇಲೆ ಹೋಗುವುದಿಲ್ಲ.

ಹಾಗಾದರೆ 20 ಹಾಕಿ ಅಂದೆ. ದುಡ್ಡು ನನ್ನದು, ಅಲ್ವಾ? ಆಗ ತೂಕ ಹೇಳಿದರು. ಮುಚ್ಚಳದ ಹೊರ ವ್ಯಾಸ 520 ಎಂಎಂ, 16ರದ್ದು ಸುಮಾರು 27 ಕೆಜಿ, 20ರದ್ದು 33 ಕೆಜಿ. ಹದಿನೈದು ದಿನಕ್ಕೊಮ್ಮೆ ಎತ್ತಬೇಕು, ಮಳೆಯಲ್ಲಿ, ಜಾರುವ ಕೈಯಲ್ಲಿ, ಬೆರಳು ಸಿಕ್ಕಿಕೊಂಡರೆ ಹೋಯಿತು. ಆ ಒಂದೇ ಮಾತಿಗೆ 16ಕ್ಕೆ ಒಪ್ಪಿದೆ.

ಇನ್ನೊಂದು ಮಾತು ಹೇಳಿದರು, ಹೊಸದಾಗಿ ಮಾಡಿಸುವವರು ಇದನ್ನು ಕೇಳಿಸಿಕೊಳ್ಳಿ. ದಪ್ಪ ಏರಿಸುವುದಕ್ಕಿಂತ ವ್ಯಾಸ ಇಳಿಸುವುದು ಲಾಭ. ದಪ್ಪದ್ದು ಘನ, ತ್ರಿಜ್ಯದ್ದು ನಾಲ್ಕನೇ ಘಾತ. ನನ್ನ 400 ಎಂಎಂ ಟ್ಯಾಂಕಿನ ಬದಲು 200 ಎಂಎಂ ಪೈಪಿನಲ್ಲಿ ಉದ್ದನೆಯ ಎರಡು ಫಿಲ್ಟರ್ ಮಾಡಿಸಿದ್ದರೆ ಬರೀ 10 ಎಂಎಂ ಮುಚ್ಚಳ ಸಾಕಿತ್ತು, ಅಂಚು ಸಡಿಲ ಅಂತ ಹಿಡಿದರೂ ಬಾಗು 0.21 ಎಂಎಂ, ಒಂದೊಂದು ಮುಚ್ಚಳ ಆರು ಕೆಜಿ ಚಿಲ್ಲರೆ, ಒಂದು ಕೈಯಲ್ಲಿ ಎತ್ತಬಹುದು. ಮೊದಲೇ ಗೊತ್ತಿದ್ದರೆ ಹಾಗೇ ಮಾಡಿಸುತ್ತಿದ್ದೆ. ಈಗ ಇರುವ ಗೋಡೆ ಬಿಸಾಡಲು ಮನಸ್ಸಾಗಲಿಲ್ಲ. ಇದರ ಉಲ್ಟಾ ಕೂಡ ನಿಜ. ಪ್ಯಾಕಿಂಗ್ ಕೂರುವ ಜಾಗ ಒಳಗಿನ ಅಂಚಿಗಿಂತ ಸ್ವಲ್ಪ ಹೊರಗಿದೆ, ತ್ರಿಜ್ಯ 200ರ ಬದಲು 210 ಹಿಡಿದರೆ ಆ 0.82 ಹೋಗಿ 0.99 ಆಗುತ್ತದೆ. ಬರೀ 10 ಎಂಎಂ ವ್ಯತ್ಯಾಸಕ್ಕೆ.

ಇಲ್ಲಿ ಮೊಬೈಲಿನ ಪುಕ್ಕಟೆ ಕ್ಯಾಲ್ಕುಲೇಟರ್‌ಗಳ ಬಗ್ಗೆಯೂ ಎರಡು ಮಾತು. ಮನೆಗೆ ಬಂದು ಮೂರು ನಾಲ್ಕರಲ್ಲಿ ಹಾಕಿ ನೋಡಿದೆ. ಸರಿಯಾಗಿ ತುಂಬಿದರೆ ಉತ್ತರ ಸರಿಯಾಗಿಯೇ ಬರುತ್ತದೆ, ಚಾಕ್‌ಪೀಸಿನ ಲೆಕ್ಕಕ್ಕೂ ಅದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಎಡವುವುದು ತುಂಬುವಲ್ಲಿ. ಮೊದಲನೇ ಸಲ ನಾನು ಪ್ರೆಶರ್ ಜಾಗದಲ್ಲಿ 6 ಅಂತ ಹಾಕಿದೆ, ಅದು ಕೇಳುತ್ತಿದ್ದದ್ದು ಮೆಗಾಪ್ಯಾಸ್ಕಲ್, 6 ಕೆಜಿ ಅಂದರೆ ಅದರಲ್ಲಿ 0.59 ಮಾತ್ರ. ಹತ್ತು ಪಟ್ಟು ಬಾಗು ಬಂದು ಎದೆ ಧಸಕ್ ಅಂತು. ಎರಡನೇ ಸಲ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದೆ, ಹದಿನಾರು ಪಟ್ಟು. ಅಂಚು ಹೇಗಿದೆ ಅಂತ ಕೇಳುವ ಕಡೆ ಮೊದಲೇ ಕಚ್ಚಿ ಹಿಡಿದದ್ದು ಅಂತ ಆರಿಸಿಟ್ಟಿರುತ್ತಾರೆ, ನಾವು ನೋಡದೆ ಒತ್ತಿದರೆ ನಾಲ್ಕು ಪಟ್ಟು ಚೆಂದದ ಉತ್ತರ ಬರುತ್ತದೆ. ಬಾಗು ದಪ್ಪದ ಅರ್ಧ ದಾಟಿದಾಗ ಇದು ನಂಬಬೇಡಿ ಅಂತ ಎಚ್ಚರಿಸಿದ್ದು ನಾನು ನೋಡಿದವುಗಳಲ್ಲಿ ಒಂದೂ ಇಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟು ಬೈಯಬಾರದೇನೋ.

ತಮ್ಮನ ಮಗನಿಗೆ ಆವತ್ತು ಸ್ವಲ್ಪ ಅವಮಾನ ಆಗಿತ್ತು ಅಂತ ಕಾಣುತ್ತದೆ, ವಾಪಸ್ ಬರುವಾಗ ಗಾಡಿಯಲ್ಲಿ ಕತೆ ಶುರು ಮಾಡಿದ. ದುಂಡು ಪ್ಲೇಟಿನ ಈ ಲೆಕ್ಕ ಪ್ವಾಸೋನ್ ಅನ್ನುವ ಫ್ರೆಂಚ್ ಗಣಿತಜ್ಞ 1829ರಲ್ಲೇ ಬಿಡಿಸಿದ್ದನಂತೆ, ಆ 0.3 ಕೂಡ ಅವನ ಹೆಸರಿನದ್ದೇ. ಅದಕ್ಕೂ ಮೊದಲು ಪ್ಲೇಟಿನ ಕಂಪನದ ಲೆಕ್ಕಕ್ಕೆ 1816ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯ ಬಹುಮಾನ ಗೆದ್ದವಳು ಸೋಫಿ ಜರ್ಮೇನ್. ಹೆಂಗಸರನ್ನು ಕಾಲೇಜಿಗೆ ಸೇರಿಸದ ಕಾಲ, ಗಂಡಸಿನ ಹೆಸರಿಟ್ಟುಕೊಂಡು ಪಾಠದ ಟಿಪ್ಪಣಿ ತರಿಸಿಕೊಂಡು ಕಲಿತವಳು. ಇನ್ನು ಅಂಚಿನ ವಿಷಯ ಪೂರ್ತಿ ಇತ್ಯರ್ಥ ಆಗಲು 1850ರಲ್ಲಿ ಜರ್ಮನಿಯ ವಿಜ್ಞಾನಿ ಕಿರ್ಖಾಫ್ ಬರಬೇಕಾಯಿತು. ಅಂಥವರಿಗೇ ಅಂಚು ಇಷ್ಟು ಕಾಟ ಕೊಟ್ಟಿದೆ ಅಂದ ಮೇಲೆ ನಮ್ಮ ಗೇಟು ಮಾಡುವವರ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ. ದುಡ್ಡು ವಾಪಸ್ ಕೊಟ್ಟಿಲ್ಲ.

ಇನ್ನು ಶೆಡ್ಡಿನವರು ಏನು ಮಾಡಿಕೊಟ್ಟರು ಅಂತ. ದುಂಡು ಗೋಡೆ ಹಳೆಯದೇ ಇಟ್ಟುಕೊಂಡರು. ಚಪ್ಪಟೆ ತಳ ಕತ್ತರಿಸಿ ತೆಗೆದು, ಬಟ್ಟಲಿನ ಹಾಗೆ ಉಬ್ಬಿದ ಡಿಶ್ ಎಂಡ್ ತರಿಸಿ ವೆಲ್ಡ್ ಮಾಡಿದರು. ಉಬ್ಬಬೇಕು ಅಂತ ಹಟ ಮಾಡುವ ಕಡೆ ಮೊದಲೇ ಉಬ್ಬಿಸಿಟ್ಟರೆ ಜಗಳವೇ ಇಲ್ಲ ಅನ್ನುವುದು ಅವರ ಮಾತು, ಆ ಆಕಾರದಲ್ಲಿ 6 ಎಂಎಂ ಕೂಡ ಧಾರಾಳ ಸಾಕು. ಗ್ಯಾಸ್ ಸಿಲಿಂಡರಿನ ತಲೆ ಬುಡ ನೋಡಿ, ಎಲ್ಲಿಯೂ ಚಪ್ಪಟೆ ಇಲ್ಲ. ಮೇಲೆ ಮಾತ್ರ ಬೋಲ್ಟ್ ಬಿಚ್ಚಿ ತೆಗೆಯಲು ಸುಲಭ ಆಗಲಿ ಅಂತ ಚಪ್ಪಟೆಯೇ, 16 ಎಂಎಂ. ಮುಚ್ಚಳ ಕೂರುವ ಹಳೇ ತೆಳು ಫ್ಲ್ಯಾಂಜ್ ಕಿತ್ತು 20 ಎಂಎಂ ಬಳೆ ಕೂರಿಸಿದರು. ಎಂಟು ಸಣ್ಣ ಬೋಲ್ಟ್ ಹೋಗಿ ಹದಿನಾರು ಎಂ16 (16 ಎಂಎಂ ದಪ್ಪದ) ಬೋಲ್ಟ್ ಬಂದವು. ಮುಚ್ಚಳದ ಮೇಲೆ ಒಳಗಿನಿಂದ ಬೀಳುವ ಒಟ್ಟು ಭಾರ ಏಳೂವರೆ ಟನ್ ಅಂತ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ, ಮೊಬೈಲಿನಲ್ಲಿ ಗುಣಿಸಿ ನೋಡಿದೆ, ನಿಜ. ಇಷ್ಟು ದಿನ ಆ ಟ್ಯಾಂಕಿನ ಮೇಲೆ ಕೂತು ನಮ್ಮ ಕೆಲಸದವನು ಬೀಡಿ ಸೇದುತ್ತಿದ್ದ.

ಬೋಲ್ಟ್ ಜಾಸ್ತಿ ಮಾಡಿದ್ದು ಬರೀ ಬಲಕ್ಕಲ್ಲ. ಎರಡು ಬೋಲ್ಟಿನ ನಡುವಿನ ಅಂತರ ಕಡಿಮೆ ಆದಷ್ಟೂ ಪ್ಯಾಕಿಂಗ್ ಮೇಲೆ ಒತ್ತು ಸಮ ಬೀಳುತ್ತದೆ. ಹಳೆಯದರಲ್ಲಿ ನೀರು ಚಿಮ್ಮುತ್ತಿದ್ದದ್ದು ಸರಿಯಾಗಿ ಎರಡು ಬೋಲ್ಟಿನ ನಡುವೆಯೇ, ಆಗ ನಾನು ಗಮನಿಸಿರಲಿಲ್ಲ.

ಇಡೀ ವ್ಯವಹಾರದಲ್ಲಿ ನನಗೆ ಖುಷಿ ಕೊಟ್ಟಿದ್ದು ಟೆಸ್ಟಿಂಗ್. ಟ್ಯಾಂಕಿಗೆ ಗಂಟಲ ಮಟ್ಟ ನೀರು ತುಂಬಿ, ಮೇಲಿನ ಕಾಕ್ ಬಿಚ್ಚಿ ಗಾಳಿಯ ಗುಳ್ಳೆ ಪೂರ್ತಿ ಹೊರಗೆ ಬಿಟ್ಟು, ಕೈ ಪಂಪಿನಿಂದ ಪ್ರೆಶರ್ ಏರಿಸಿದರು. ಕಂಪ್ರೆಸರ್ ಪಕ್ಕದಲ್ಲೇ ಇತ್ತು, ಗಾಳಿ ತುಂಬಿದರೆ ಬೇಗ ಆಗುತ್ತಿತ್ತಲ್ವಾ ಅಂದಿದ್ದಕ್ಕೆ ಗದರಿದರು. ನೀರು ಹೆಚ್ಚುಕಮ್ಮಿ ಕುಗ್ಗುವುದಿಲ್ಲ, ಏನಾದರೂ ಬಿಟ್ಟರೆ ಚಿಮ್ಮಿ ನಿಂತುಬಿಡುತ್ತದೆ. ಕುಗ್ಗಿಸಿಟ್ಟ ಗಾಳಿ ಬಾಂಬ್. ಮುಚ್ಚಳದ ನಡುವೆ, ಕೂದಲೆಳೆಯಷ್ಟು ಎದ್ದರೂ ಮುಳ್ಳಿನಲ್ಲಿ ಎಂಎಂ ಲೆಕ್ಕ ತೋರಿಸುವ ಡಯಲ್ ಗೇಜಿನ ಮೂಗು ಇಟ್ಟರು. ಅದರ ಸ್ಟ್ಯಾಂಡ್ ಮುಚ್ಚಳದ ಮೇಲೇ ಇಟ್ಟರೆ ಅದೂ ಜೊತೆಗೆ ಏಳುತ್ತದೆ ಅಂತ, ಟ್ಯಾಂಕಿನ ಗೋಡೆಗೆ ಒಂದು ಆಂಗಲ್ ಕ್ಲ್ಯಾಂಪ್ ಮಾಡಿ ಅದರ ಮೇಲೆ ಕೂರಿಸಿದರು.

6 ಕೆಜಿಗೆ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನಾವು ಮೂವರೂ ಒಂದೊಂದು ಸಂಖ್ಯೆ ಹೇಳಿದ್ದೆವು. ನಾನು 0.82, ತಮ್ಮನ ಮಗ 0.20. ಮೇಸ್ತ್ರಿ "ಅರ್ಧದ ಮೇಲೆ, ಮುಕ್ಕಾಲಿನ ಒಳಗೆ" ಅಂದರು. ನಿಂತಿದ್ದು 0.61. ಬೋಲ್ಟ್ ಹಾಕಿದ ಮುಚ್ಚಳ ಪೂರ್ತಿ ಕಚ್ಚಿ ಹಿಡಿದದ್ದೂ ಅಲ್ಲ, ಪೂರ್ತಿ ಸಡಿಲವೂ ಅಲ್ಲ, ನಡುವೆ ಎಲ್ಲೋ. ಲೆಕ್ಕ ಹಾಕುವಾಗ ಮಾತ್ರ ಸಡಿಲ ಅಂತಲೇ ಹಿಡಿಯಬೇಕು, ಉಳಿದದ್ದು ನಮ್ಮ ಪುಣ್ಯ. ಆಮೇಲೆ ಒಂದೂವರೆ ಪಟ್ಟು, 9 ಕೆಜಿಗೆ ಏರಿಸಿದರು. 0.92. ಅಲ್ಲೇ ಅರ್ಧ ಗಂಟೆ ಬಿಟ್ಟು ಚಾ ಕುಡಿದು ಬಂದೆವು. ಒಂದು ಹನಿ ಇಲ್ಲ. ಪ್ರೆಶರ್ ಬಿಟ್ಟಾಗ ಮುಳ್ಳು ವಾಪಸ್ ಬಂದು 0.02ರಲ್ಲಿ ನಿಂತಿತು. ಆ ಉಳಿದ ಎರಡು ಗೆರೆ ಪ್ಯಾಕಿಂಗ್ ಕೂತಿದ್ದು, ಪ್ಲೇಟಿನದ್ದಲ್ಲ ಅಂದರು. ಇನ್ನೊಮ್ಮೆ ಏರಿಸಿ ಇಳಿಸಿ ತೋರಿಸಿದರು, ಆಗ ಸರಿಯಾಗಿ ಅದೇ ಗೆರೆಗೆ ಬಂತು.

ಈಗ ದೂರುಗಳು. ಎಂಟು ದಿನ ಅಂದವರು ಇಪ್ಪತ್ತು ದಿನ ತೆಗೆದುಕೊಂಡರು. ಫೋನ್ ಎತ್ತುವುದೇ ಇಲ್ಲ, ಎತ್ತಿದರೆ ಗ್ರೈಂಡರ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ, ಎರಡು ಸಲ ತೀರ್ಥಹಳ್ಳಿಯಿಂದ ಸುಮ್ನೆ ಹೋಗಿ ಬಂದೆ. ಪೇಂಟ್ ಅಂತೂ ಕೆಟ್ಟದು, ರೆಡ್ ಆಕ್ಸೈಡ್ ಒಂದು ಕೈ ಬಳಿದು ಅದರ ಮೇಲೆ ಹಸಿರು ಹೊಡೆದಿದ್ದಾರೆ, ನಮ್ಮ ಕಡೆಯ ಮಳೆಗೆ ಮೊದಲ ಆಷಾಢದಲ್ಲೇ ಸಿಪ್ಪೆ ಎದ್ದಿತು. ಬೋಲ್ಟ್ ಸ್ಟೇನ್‌ಲೆಸ್ ಹಾಕಬೇಕೋ ಬೇಡವೋ ಅಂತ ಕೇಳಲೇ ಇಲ್ಲ, ಮಾಮೂಲಿ ಬೋಲ್ಟ್ ಹಾಕಿದರು, ಈಗ ಗ್ರೀಸ್ ಹಚ್ಚಿ ಹಚ್ಚಿ ಸಾಕಾಗಿದೆ. ಅಷ್ಟೆಲ್ಲ ತೂಕದ ಬಗ್ಗೆ ಪಾಠ ಮಾಡಿದವರು ಮುಚ್ಚಳಕ್ಕೆ ಹಿಡಿಕೆ ಇಡುವುದನ್ನು ಮರೆತರು! ಮನೆ ಹತ್ತಿರದ ಗೇಟು ಮಾಡುವವರಿಂದಲೇ ಎರಡು ಹಿಡಿಕೆ ವೆಲ್ಡ್ ಮಾಡಿಸಿಕೊಂಡೆ. ಬಿಲ್ ಒಟ್ಟು ಹದಿನಾಲ್ಕೂವರೆ ಸಾವಿರ ಆಯಿತು, ಕೇಳಿದ ಮೇಲೆ ರಶೀದಿ ಕೊಟ್ಟರು. ಹಳೇ ಟ್ಯಾಂಕಿಗೆ ಕೊಟ್ಟಿದ್ದೂ ಸೇರಿಸಿದರೆ ಹೊಟ್ಟೆ ಉರಿಯುತ್ತದೆ, ಅದಕ್ಕೆ ಸೇರಿಸುವುದಿಲ್ಲ.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಮುಚ್ಚಳ ಹತ್ತಿರ ಹತ್ತಿರ ಇಪ್ಪತ್ತು ಸಲ ಬಿಚ್ಚಿ ಹಾಕಿದ್ದೇನೆ, ಪ್ಯಾಕಿಂಗ್ ಒಮ್ಮೆ ಬದಲಾಯಿಸಿದೆ, ಸೋರಿಕೆ ಇಲ್ಲ. ಯುಗಾದಿ ಹೊತ್ತಿಗೆ ಪಟ್ಟಿ ಇಟ್ಟು ಸ್ಕೇಲಿನಲ್ಲಿ ಅಳೆದೆ. ಚಪ್ಪಟೆ ಚಪ್ಪಟೆಯಾಗಿಯೇ ಇದೆ. ಅವರು ಹೇಳಿದ ಹಾಗೆ ಬಾಲ್ ವಾಲ್ವ್ ತೆಗೆದು ಗೇಟ್ ವಾಲ್ವ್ ಹಾಕಿದ್ದೂ ಒಳ್ಳೆಯದೇ ಆಯಿತು. ಬಾಲ್ ವಾಲ್ವಿನ ಹಿಡಿ ಕಾಲು ಸುತ್ತು ತಿರುಗಿಸಿದರೆ ಸಾಕು, ಓಡುತ್ತಿದ್ದ ನೀರು ಥಟ್ಟನೆ ನಿಂತು ಪೈಪು ಧಡ್ ಅಂತಿತ್ತು, ಗೇಜಿನ ಮುಳ್ಳು 6 ದಾಟಿ 8ರ ಹತ್ತಿರ ಹಾರಿ ವಾಪಸ್ ಬರುತ್ತಿತ್ತು. ಗೇಟ್ ವಾಲ್ವ್ ಮುಚ್ಚಲು ಹತ್ತಾರು ಸುತ್ತು ಬೇಕು, ಆ ಹೊಡೆತವೇ ಇಲ್ಲ. ಕೆಲಸದವನಿಗೆ ಮಾತ್ರ ಸಿಟ್ಟು, ಕೈ ನೋವು ಬರುತ್ತದಂತೆ.

ಉಬ್ಬಿದ ಹಳೇ ಮುಚ್ಚಳ ಬಿಸಾಡಿಲ್ಲ. ಬೋರಲು ಹಾಕಿ ಕೊಟ್ಟಿಗೆಯ ಪಕ್ಕ ಇಟ್ಟಿದ್ದೇನೆ, ನಾಯಿ ಅದರಲ್ಲೇ ನೀರು ಕುಡಿಯುತ್ತದೆ.

ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಮಧ್ಯಾಹ್ನದ ಮೇಲೆ ಮೇಸ್ತ್ರಿ ಸಿಗುವುದಿಲ್ಲ. ನೀರು ನಿಂತಾಗಿನ ಗೇಜು ಎಷ್ಟು, ವ್ಯಾಸ ಎಷ್ಟು, ಮುಚ್ಚಳ ತೆಗೆಯಬೇಕಾ ಬೇಡವಾ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಚಾ ಕುಡಿಸಿ ವಾಪಸ್ ಕಳಿಸುತ್ತಾರೆ. ಮತ್ತೆ, ಹಿಡಿಕೆ ನೆನಪು ಮಾಡಿ.